ಅಮ್ಮನ ಜೊತೆ ಡೊಂಬಿವಲಿಯಿಂದ ಪರೇಲ್‌ಗೆ ದಿನಾ ಹೋಗಬೇಕು: ಲೋಕಲ್ ರೈಲು ಆಗುತ್ತಾ?

ಕುಂದಾಪುರದ ಮಗಳು:

ಎಲ್ಲರಿಗೂ ನಮಸ್ಕಾರ. ಮುಂಬೈನಲ್ಲಿ ಇರುವವರು ದಯವಿಟ್ಟು ಸ್ವಲ್ಪ ಬಿಡಿಸಿ ಹೇಳಿ.

ನನ್ನ ಅಮ್ಮನಿಗೆ 63 ವರ್ಷ. ಪರೇಲ್‌ನ ಟಾಟಾ ಕ್ಯಾನ್ಸರ್ ಆಸ್ಪತ್ರೆಯಲ್ಲಿ ರೇಡಿಯೇಷನ್ ಆಗಬೇಕು. ಸೋಮವಾರದಿಂದ ಶುಕ್ರವಾರದವರೆಗೆ ದಿನಾ, ಒಟ್ಟು ಐದು ವಾರ. ಆಸ್ಪತ್ರೆಯ ಹತ್ತಿರ ನಮ್ಮ ಕೈಗೆಟಕುವ ರೂಮು ಸಿಗಲಿಲ್ಲ. ಡೊಂಬಿವಲಿಯಲ್ಲಿ ಚಿಕ್ಕಮ್ಮನ ಮನೆ ಇದೆ, ಅಲ್ಲೇ ಉಳಿಯುತ್ತೇವೆ. ಚಿಕ್ಕಮ್ಮನಿಗೆ ಮಂಡಿ ನೋವು, ಹೊರಗೆ ಓಡಾಡುವುದಿಲ್ಲ. ಹಾಗಾಗಿ ಅಮ್ಮನನ್ನು ಕರೆದುಕೊಂಡು ಹೋಗಿ ಬರುವುದು ಪೂರ್ತಿ ನನ್ನ ಮೇಲೆ.

ಐದು ವಾರ ದಿನಾ ಟ್ಯಾಕ್ಸಿ ಮಾಡುವಷ್ಟು ದುಡ್ಡು ನಮ್ಮ ಹತ್ತಿರ ಇಲ್ಲ. ಲೋಕಲ್ ರೈಲೇ ದಾರಿ. ಆದರೆ ಚಿಕ್ಕವಳಿದ್ದಾಗ ಒಂದು ಮದುವೆಗೆ ಮುಂಬೈಗೆ ಬಂದಿದ್ದೆ. ಬಾಗಿಲಲ್ಲಿ ಜನ ನೇತಾಡುತ್ತಿದ್ದ ರೈಲು ಇವತ್ತಿಗೂ ಕಣ್ಣ ಮುಂದಿದೆ. ಅಮ್ಮ ನಿಧಾನ ನಡೆಯುತ್ತಾರೆ. ಕೈ ಹಿಡಿದುಕೊಂಡರೆ ಮೆಟ್ಟಿಲು ಹತ್ತುತ್ತಾರೆ. ಆಸ್ಪತ್ರೆಯಲ್ಲಿ ನಮಗೆ ಕೊಟ್ಟ ಸಮಯ ಮಧ್ಯಾಹ್ನ 12.30.

ಟಿಕೆಟ್ ಹೇಗೆ ಮಾಡಿಸಬೇಕು, ಯಾವ ಬೋಗಿ ಹತ್ತಬೇಕು, ಅಮ್ಮನಿಗೆ ಕೂರಲು ಜಾಗ ಸಿಗುತ್ತಾ? ನನ್ನ ಹಿಂದಿ ಅಷ್ಟಕ್ಕಷ್ಟೆ. ಊರಿನಿಂದ ಮತ್ಸ್ಯಗಂಧ ಎಕ್ಸ್‌ಪ್ರೆಸ್ ರೈಲಿನಲ್ಲಿ ಬರುತ್ತಿದ್ದೇವೆ.

ಯಲಹಂಕದಿಂದ:

ಮೊದಲು ಅಮ್ಮ ಬೇಗ ಹುಷಾರಾಗಲಿ. ನಾನು ಆಫೀಸಿನ ಕೆಲಸಕ್ಕೆ ಎರಡು ಸಲ ಮುಂಬೈಗೆ ಹೋಗಿದ್ದೆ. ಬೆಳಗ್ಗೆ ಒಂಬತ್ತಕ್ಕೆ ಠಾಣೆಯಲ್ಲಿ ಲೋಕಲ್ ಹತ್ತಲು ಹೋಗಿ ಮೂರು ಗಾಡಿ ಬಿಟ್ಟೆ, ಹತ್ತಲು ಆಗಲೇ ಇಲ್ಲ. ನಮ್ಮ ಮೆಟ್ರೋ ತರ ಅಲ್ಲ ಅದು, ಬಾಗಿಲು ಮುಚ್ಚುವುದಿಲ್ಲ. ಕಾಯಿಲೆಯವರನ್ನು ಅದರಲ್ಲಿ ಕರೆದುಕೊಂಡು ಹೋಗಬೇಡಿ ಅಂತಲೇ ನನ್ನ ಮಾತು. ಸಾಲ ಮಾಡಿಯಾದರೂ ಹತ್ತಿರದಲ್ಲಿ ರೂಮು ನೋಡಿ.

ಡೊಂಬಿವಲಿ ಅಕ್ಕ:

ತಂಗಿ, ಹೆದರಬೇಡಿ. ಲೋಕಲ್‌ನಲ್ಲಿ ಖಂಡಿತ ಆಗುತ್ತೆ. ನಾನು ಕಾರ್ಕಳದವಳು, ಮದುವೆಯಾಗಿ ಡೊಂಬಿವಲಿಗೆ ಬಂದೆ. 27 ವರ್ಷ ಇಲ್ಲಿಂದ ಸಿಎಸ್‌ಎಂಟಿಗೆ, ಅಂದರೆ ಈ ಲೈನಿನ ಕೊನೆಯ ದೊಡ್ಡ ಸ್ಟೇಷನ್ನಿಗೆ, ದಿನಾ ಕೆಲಸಕ್ಕೆ ಓಡಾಡಿದ್ದೇನೆ. 2016ರಲ್ಲಿ ನಮ್ಮ ಅತ್ತೆಯನ್ನು ಇದೇ ಆಸ್ಪತ್ರೆಗೆ ಇದೇ ರೈಲಿನಲ್ಲಿ ಕರೆದುಕೊಂಡು ಹೋಗುತ್ತಿದ್ದೆ. ಅವರಿಗೆ ಆಗ 70.

ಮೇಲಿನವರು ಹೇಳಿದ್ದು ಸುಳ್ಳಲ್ಲ. ಆದರೆ ಅವರು ನೋಡಿದ್ದು ಬೆಳಗ್ಗೆ ಒಂಬತ್ತರ ಲೋಕಲ್. ನಿಮ್ಮ ಸಮಯ 12.30, ಅದು ನಿಮ್ಮ ಪುಣ್ಯ. ಬೆಳಗ್ಗೆ ಏಳರಿಂದ ಹತ್ತರವರೆಗೆ ಮುಂಬೈ ಕಡೆಗೆ ಹೋಗುವ ಗಾಡಿಯಲ್ಲಿ ಕಾಲಿಡಲು ಜಾಗ ಇರಲ್ಲ. ಹತ್ತೂವರೆ ದಾಟಿತು ಅಂದರೆ ನಿಧಾನಕ್ಕೆ ಸಡಿಲ ಆಗುತ್ತೆ. ಸಂಜೆ ಐದರಿಂದ ಒಂಬತ್ತರವರೆಗೆ ಇದೇ ಕಥೆ, ಆದರೆ ಉಲ್ಟಾ ದಿಕ್ಕಿನಲ್ಲಿ. ಹಾಗಾಗಿ 10.30ರ ಮೇಲೆ ಹೊರಡಿ, ನಾಲ್ಕು ಗಂಟೆಯೊಳಗೆ ಪರೇಲ್ ಬಿಡಿ.

ಇಲ್ಲಿ ಎಲ್ಲರೂ ಸ್ಲೋ, ಫಾಸ್ಟ್ ಅಂತ ಮಾತಾಡುತ್ತಾರೆ. ಫಾಸ್ಟ್ ಗಾಡಿ ದೊಡ್ಡ ಸ್ಟೇಷನ್ನಿನಲ್ಲಿ ಮಾತ್ರ ನಿಲ್ಲುತ್ತೆ, ಸ್ಲೋ ಎಲ್ಲ ಕಡೆ ನಿಲ್ಲುತ್ತೆ. ನಿಮಗೆ ಬೇಕಾದದ್ದು ಸ್ಲೋ. ಪ್ಲಾಟ್‌ಫಾರ್ಮಿನ ಇಂಡಿಕೇಟರ್‌ನಲ್ಲಿ ಊರಿನ ಹೆಸರು, ಸಮಯ, ಪಕ್ಕದಲ್ಲಿ ಇಂಗ್ಲಿಷಿನ ಎಸ್ ಅಥವಾ ಎಫ್ ಅಕ್ಷರ ಇರುತ್ತೆ. ಸಿಎಸ್‌ಎಂಟಿ ಹೆಸರಿದ್ದು ಎಸ್ ಅಂತ ಇದ್ದರೆ ಅದು ನಿಮ್ಮ ಗಾಡಿ. ಡೊಂಬಿವಲಿಯಿಂದಲೇ ಹೊರಡುವ ಲೋಕಲ್‌ಗಳೂ ಇವೆ, ಅಮ್ಮನಿಗೆ ಅದು ಒಳ್ಳೆಯದು. ಒಂದು ಗಂಟೆಗಿಂತ ಸ್ವಲ್ಪ ಜಾಸ್ತಿ ಹಿಡಿಯುತ್ತೆ. ಎಂ-ಇಂಡಿಕೇಟರ್ ಅನ್ನುವ ಆ್ಯಪ್ ಈಗಲೇ ಹಾಕಿಕೊಳ್ಳಿ, ಎಲ್ಲ ಗಾಡಿಯ ಸಮಯ ಅದರಲ್ಲಿ ಇದೆ.

ಬೋಗಿಗೆ ಇಲ್ಲಿ ಡಬ್ಬಾ ಅನ್ನುತ್ತಾರೆ. ನೀವಿಬ್ಬರೂ ಹೆಂಗಸರು, ಲೇಡೀಸ್ ಡಬ್ಬಾ ಹತ್ತಿ. ಡಬ್ಬಾದ ಮೇಲೆ ಹೆಂಗಸಿನ ಮುಖದ ಚಿತ್ರ ಇರುತ್ತೆ. ಪ್ಲಾಟ್‌ಫಾರ್ಮಿನಲ್ಲೂ ಅದು ಎಲ್ಲಿ ನಿಲ್ಲುತ್ತೆ ಅಂತ ಬೋರ್ಡ್ ತೂಗುಹಾಕಿರುತ್ತಾರೆ. ಅಂಗವಿಕಲರ ಡಬ್ಬಾ ಬೇರೆ ಇದೆ, ಅದರಲ್ಲಿ ಕ್ಯಾನ್ಸರ್ ಇರುವವರೂ ಕೂರಬಹುದು. ಅದು ನಿಲ್ಲುವ ಜಾಗದಲ್ಲಿ ಕಣ್ಣು ಕಾಣದವರಿಗೆ ಗೊತ್ತಾಗಲಿ ಅಂತ ಬೀಪ್ ಬೀಪ್ ಅಂತ ಸದ್ದು ಬರುತ್ತಿರುತ್ತೆ. ಅಮ್ಮನ ಆಸ್ಪತ್ರೆ ಕಾಗದ ಕೈಯಲ್ಲಿಟ್ಟುಕೊಳ್ಳಿ. ನಾನು ಮಾತ್ರ ಅತ್ತೆಯನ್ನು ಯಾವಾಗಲೂ ಲೇಡೀಸ್‌ನಲ್ಲೇ ಕರೆದುಕೊಂಡು ಹೋದೆ. ಯಾಕೆ ಅಂತ ಹೇಳುತ್ತೇನೆ.

ಮೂರು ಜನ ಕೂರುವ ಸೀಟಿನಲ್ಲಿ ಇಲ್ಲಿ ನಾಲ್ಕು ಜನ ಕೂರುತ್ತಾರೆ. ಆ ನಾಲ್ಕನೆಯದಕ್ಕೆ ಫೋರ್ತ್ ಸೀಟ್ ಅಂತಲೇ ಹೆಸರು. ಅರ್ಧ ಮೈ ಸೀಟಿನ ಮೇಲೆ, ಅರ್ಧ ಹೊರಗೆ. ಮೊದಲ ದಿನ ಅತ್ತೆಗೆ ಸಿಕ್ಕಿದ್ದು ಅದೇ. ನಾನು ಎದುರಿನ ಹುಡುಗಿಗೆ, "ಇವರಿಗೆ ಹುಷಾರಿಲ್ಲ, ಟಾಟಾಗೆ ಹೋಗುತ್ತಿದ್ದೇವೆ" ಅಂದೆ. ಅವಳು ಏನೂ ಮಾತಾಡಲಿಲ್ಲ. ಕಿವಿಯಿಂದ ಇಯರ್‌ಫೋನ್ ತೆಗೆದಳು, ಎದ್ದಳು, ಅತ್ತೆಯ ಭುಜ ಹಿಡಿದು ತನ್ನ ಕಿಟಕಿ ಸೀಟಿಗೆ ದಾಟಿಸಿದಳು. ಆಮೇಲೆ ಮುಲುಂಡ್‌ವರೆಗೆ ಕಂಬ ಹಿಡಿದು ನಿಂತೇ ಬಂದಳು. ಟಾಟಾ ಅನ್ನುವ ಹೆಸರು ಈ ಲೈನಿನಲ್ಲಿ ಎಲ್ಲರಿಗೂ ಗೊತ್ತು. ಸುಮ್ನೆ ನಿಂತರೆ ಯಾರೂ ಗಮನಿಸಲ್ಲ, ಅವರವರ ಸುಸ್ತು ಅವರವರಿಗೆ. ಬಾಯಿ ಬಿಟ್ಟು ಹೇಳಿ. "ಆಂಟಿ ಕೋ ಟಾಟಾ ಜಾನಾ ಹೈ" ಅಷ್ಟು ಹಿಂದಿ ಸಾಕು.

ಇನ್ನೊಂದು ಪದ್ಧತಿ ಕಲಿತುಕೊಳ್ಳಿ. ಸೀಟು ಬೇಕಿದ್ದವರು ಕೂತವರನ್ನು "ಕಹಾಂ ಉತರೋಗೆ?" ಅಂದರೆ ಎಲ್ಲಿ ಇಳಿಯುತ್ತೀರಿ ಅಂತ ಕೇಳುತ್ತಾರೆ. ಅವರು ಠಾಣೆ ಅಂದರೆ, ಠಾಣೆಯಲ್ಲಿ ಆ ಸೀಟು ಕೇಳಿದವರದ್ದು. ಅದನ್ನು ಯಾರೂ ಮುರಿಯಲ್ಲ.

ಈಗ ಇಳಿಯುವುದು. ಇದನ್ನು ಎರಡು ಸಲ ಓದಿ. ಕುರ್ಲಾ, ಸಾಯನ್, ಮಾಟುಂಗಾ, ದಾದರ್, ಆಮೇಲೆ ಪರೇಲ್. ದಾದರ್‌ನಲ್ಲಿ ಅರ್ಧ ಗಾಡಿ ಖಾಲಿ ಆಗುತ್ತೆ. ಪರೇಲ್ ಹತ್ತಿರ ಬಂತು ಅಂತ ದಾದರ್‌ಗೆ ಮುಂಚೆ ಬಾಗಿಲ ಹತ್ತಿರ ಹೋಗಿ ನಿಂತರೆ, ಇಳಿಯುವವರು ನಿಮ್ಮನ್ನೂ ತಳ್ಳಿಕೊಂಡು ಇಳಿಸಿಬಿಡುತ್ತಾರೆ. ದಾದರ್ ಬರುವವರೆಗೆ ಅಮ್ಮನನ್ನು ಸೀಟಿನಿಂದ ಎಬ್ಬಿಸಲೇಬೇಡಿ. ಜನ ಇಳಿದು ಗಾಡಿ ಮತ್ತೆ ಹೊರಟ ಮೇಲೆ ಎಬ್ಬಿಸಿ. ಆಗ ಬಾಗಿಲವರೆಗೆ ದಾರಿ ಬಿಟ್ಟಿರುತ್ತೆ. ಯಾವ ಕಡೆ ಪ್ಲಾಟ್‌ಫಾರ್ಮ್ ಬರುತ್ತೆ ಅಂತ ಪಕ್ಕದವರನ್ನು ಕೇಳಿ. ಗಾಡಿ ನಿಲ್ಲುವುದು ಅರ್ಧ ನಿಮಿಷ ಅಷ್ಟೆ. ಪೂರ್ತಿ ನಿಂತ ಮೇಲೆ ನೀವು ಮೊದಲು ಇಳಿದು ಅಮ್ಮನ ಕೈ ಹಿಡಿಯಿರಿ. ಹಿಂದಿನವರು ಅವರ ಬೆನ್ನಿಗೆ ಕೈ ಕೊಡುತ್ತಾರೆ. ಮೈಕಿನಲ್ಲಿ ಮರಾಠಿಯಲ್ಲಿ ಮುಂದಿನ ಸ್ಟೇಷನ್ "ಪರಳ್" ಅಂತ ಬರುತ್ತೆ. ಮರಾಠಿಯಲ್ಲಿ ಪರೇಲ್‌ಗೆ ಪರಳ್ ಅನ್ನುತ್ತಾರೆ, ಗಲಿಬಿಲಿ ಆಗಬೇಡಿ.

ಸ್ಟೇಷನ್ನಿನಿಂದ ಪೂರ್ವದ ಕಡೆಗೆ, ಅಂದರೆ ಈಸ್ಟ್ ಕಡೆ ಹೊರಗೆ ಬನ್ನಿ. ಆಟೋ ಹುಡುಕಬೇಡಿ, ಮುಂಬೈನ ಆ ಭಾಗದಲ್ಲಿ ಆಟೋ ಓಡುವ ಹಾಗೇ ಇಲ್ಲ. ಕಪ್ಪು ಹಳದಿ ಟ್ಯಾಕ್ಸಿ ಸಿಗುತ್ತೆ. ನಡೆಯುವವರು ನಡೆದೇ ಹೋಗುತ್ತಾರೆ, ಅಮ್ಮನಿಗೆ ಬೇಡ.

ಟಿಕೆಟ್ ವಿಷಯ. ಒಂದು ಸಲದ ಸೆಕೆಂಡ್ ಕ್ಲಾಸ್ ಟಿಕೆಟ್ ಇಪ್ಪತ್ತು ರೂಪಾಯಿ ದಾಟಲ್ಲ. ಐದು ವಾರಕ್ಕೆ ತಿಂಗಳ ಪಾಸ್ ಮಾಡಿಸಿ, ಇನ್ನೂ ಎಷ್ಟೋ ಕಡಿಮೆ ಬೀಳುತ್ತೆ. ಕೌಂಟರ್‌ನಲ್ಲಿ ಗುರುತಿನ ಚೀಟಿ ತೋರಿಸಿ ಮಾಡಿಸಬಹುದು. ಆದರೆ ಪಾಸನ್ನು ಪರೇಲ್‌ವರೆಗೆ ಮಾಡಿಸಬೇಡಿ, ಸಿಎಸ್‌ಎಂಟಿವರೆಗೆ ಮಾಡಿಸಿ. ಪರೇಲ್ ನಡುವೆ ಬರುವುದರಿಂದ ಅಲ್ಲಿ ಇಳಿಯಲು ತೊಂದರೆ ಇಲ್ಲ. ಒಂದೊಂದು ದಿನ ಮಷಿನ್ ಕೆಟ್ಟು ಆಸ್ಪತ್ರೆಯಲ್ಲಿ ಸಂಜೆ ಆರು ಆಗಿಬಿಡುತ್ತೆ. ಆ ಹೊತ್ತಿಗೆ ಪರೇಲ್‌ನಲ್ಲಿ ಡೊಂಬಿವಲಿ ಕಡೆಯ ಗಾಡಿ ತುಂಬಿಕೊಂಡೇ ಬರುತ್ತೆ. ಆಗ ಉಲ್ಟಾ ಗಾಡಿ ಹತ್ತಿ ಸಿಎಸ್‌ಎಂಟಿಗೆ ಹೋಗಿ, ಅಲ್ಲಿಂದ ಹೊರಡುವ ಲೋಕಲ್‌ನಲ್ಲಿ ಕೂತು ಬನ್ನಿ. ಸಂಜೆ ಅಲ್ಲೂ ಜನ ಇರುತ್ತಾರೆ, ಆದರೆ ಒಂದು ಗಾಡಿ ಬಿಟ್ಟು ಮುಂದಿನದಕ್ಕೆ ಮೊದಲೇ ನಿಂತರೆ ಸೀಟು ಸಿಗುತ್ತೆ. 2019ರ ಮಾರ್ಚ್‌ನಿಂದ ಪರೇಲ್‌ನಿಂದಲೇ ಹೊರಡುವ ಕೆಲವು ಸ್ಲೋ ಲೋಕಲ್‌ಗಳೂ ಶುರುವಾಗಿವೆ. ಅವುಗಳ ಸಮಯ ಆ್ಯಪ್‌ನಲ್ಲಿ ನೋಡಿ ಒಂದು ಚೀಟಿಯಲ್ಲಿ ಬರೆದಿಟ್ಟುಕೊಳ್ಳಿ. ನಮ್ಮ ಅತ್ತೆಯ ಕಾಲಕ್ಕೆ ಇದು ಇದ್ದಿದ್ದರೆ ನಾವು ಎಷ್ಟು ಕಷ್ಟ ಉಳಿಸಿಕೊಳ್ಳುತ್ತಿದ್ದೆವು.

ಫಸ್ಟ್ ಕ್ಲಾಸ್ ಡಬ್ಬಾಕ್ಕೆ ಹಳದಿ ಕೆಂಪು ಪಟ್ಟೆ ಇರುತ್ತೆ. ಗೊತ್ತಿಲ್ಲದೆ ಸೆಕೆಂಡ್ ಕ್ಲಾಸ್ ಟಿಕೆಟ್‌ನಲ್ಲಿ ಅದಕ್ಕೆ ಹತ್ತಿದರೆ ಕನಿಷ್ಠ 250 ರೂಪಾಯಿ ದಂಡ, ಮೇಲೆ ಟಿಕೆಟ್ ದುಡ್ಡು ಬೇರೆ. ಎಸಿ ಲೋಕಲ್‌ಗೂ ಬೇರೆ ಟಿಕೆಟ್ ಬೇಕು. ಬಿಸಿಲು ಜಾಸ್ತಿ ಇದ್ದ ದಿನ ಅಮ್ಮನಿಗೆ ತೀರಾ ಸುಸ್ತಾದರೆ ಆ ಒಂದು ದಿನ ಎಸಿ ಟಿಕೆಟ್ ತೆಗೆದುಕೊಳ್ಳಿ, ಅದರಲ್ಲಿ ಬಾಗಿಲು ಮುಚ್ಚುತ್ತೆ. ಅದು ಫಾಸ್ಟ್ ಆಗಿದ್ದರೆ ದಾದರ್‌ನಲ್ಲಿ ಇಳಿದು ಟ್ಯಾಕ್ಸಿ ಮಾಡಿ.

ಮತ್ಸ್ಯಗಂಧ ಕೊನೆಗೆ ಹೋಗುವುದು ಕುರ್ಲಾದ ಹತ್ತಿರದ ಲೋಕಮಾನ್ಯ ತಿಲಕ್ ಟರ್ಮಿನಸ್‌ಗೆ. ಅಲ್ಲಿವರೆಗೆ ಹೋಗಬೇಡಿ, ಠಾಣೆಯಲ್ಲೇ ಇಳಿಯಿರಿ. ಬೆಳಗಿನ ಹೊತ್ತು ಠಾಣೆಯಿಂದ ಡೊಂಬಿವಲಿ ಕಡೆಗೆ ಬರುವ ಗಾಡಿ ಖಾಲಿ ಇರುತ್ತೆ, ಜನ ಎಲ್ಲ ಆ ಕಡೆ ಹೋಗುತ್ತಿರುತ್ತಾರೆ. ದೇಶದ ಮೊದಲ ಪ್ಯಾಸೆಂಜರ್ ರೈಲು 1853ರ ಏಪ್ರಿಲ್ 16ರಂದು ಬೋರಿ ಬಂದರ್‌ನಿಂದ ಬಂದು ನಿಂತದ್ದು ಇದೇ ಠಾಣೆಯಲ್ಲಿ. ನಮ್ಮ ಅತ್ತೆಗೆ ಅದನ್ನು ಹೇಳಿದಾಗ ಸ್ಟೇಷನ್ನನ್ನೇ ಒಂದು ಗಳಿಗೆ ನಿಂತು ನೋಡಿದರು.

ಕೊನೆಯದು, ಎಲ್ಲಕ್ಕಿಂತ ಮುಖ್ಯ. ಅಮ್ಮನನ್ನು ಕರೆದುಕೊಂಡು ಹೋಗುವ ಮೊದಲು ನೀವೊಬ್ಬರೇ ಒಮ್ಮೆ ಹೋಗಿ ಬನ್ನಿ. ಅದೇ ಹೊತ್ತಿಗೆ, ಅದೇ ಗಾಡಿಯಲ್ಲಿ, ಆಸ್ಪತ್ರೆಯ ಬಾಗಿಲು ಮುಟ್ಟಿ ವಾಪಸ್ ಬನ್ನಿ. ಭಾನುವಾರ ಬೇಡ. ಭಾನುವಾರ ಹಳಿ ರಿಪೇರಿಗೆ ಮೆಗಾ ಬ್ಲಾಕ್ ಇರುತ್ತೆ, ಗಾಡಿಗಳು ಲೈನ್ ಬದಲಿಸಿ ಓಡುತ್ತವೆ, ತಪ್ಪು ಲೆಕ್ಕ ಕಲಿತು ಬರುತ್ತೀರಿ. ನಿಮ್ಮ ಕಾಲಿಗೆ ದಾರಿ ಗೊತ್ತಿದ್ದರೆ ಅಮ್ಮನಿಗೂ ಧೈರ್ಯ ಬರುತ್ತೆ.

ಹಾವೇರಿಯವ:

ಅಕ್ಕ ಎಲ್ಲಾ ಹೇಳಿಬಿಟ್ಟಿದ್ದಾರೆ. ನಾನು ಎರಡು ಮಾತು ಸೇರಿಸುತ್ತೇನೆ.

ಹೋದ ವರ್ಷ ಅಪ್ಪಾರನ್ನ ಕರಕೊಂಡು ಹೋಗಿದ್ದೆ. ಮೊದಲ ದಿನ ಫೋನಿನ ಮ್ಯಾಪ್ ನೋಡಿ ಲೋವರ್ ಪರೇಲ್‌ನಲ್ಲಿ ಇಳಿದುಬಿಟ್ಟೆವು. ಅದು ವೆಸ್ಟರ್ನ್ ಲೈನು, ಚರ್ಚ್‌ಗೇಟ್ ಕಡೆಯದು. ಪರೇಲ್ ಬೇರೆ, ಲೋವರ್ ಪರೇಲ್ ಬೇರೆ. ಅಪ್ಪ ಬಿಸಿಲಲ್ಲಿ ಬ್ರಿಡ್ಜ್ ಮೇಲೆ ನಡೆದು ನಡೆದು ಕೂತೇಬಿಟ್ಟರು. ಒಬ್ಬ ಹಣ್ಣು ಮಾರುವವ ತನ್ನ ಸ್ಟೂಲ್ ಕೊಟ್ಟು ನೀರು ಕುಡಿಸಿದ. ಆ ಮನುಷ್ಯನ್ನ ಮರೆಯಂಗಿಲ್ಲ. ನೀವು ಸೆಂಟ್ರಲ್ ಲೈನಿನಲ್ಲೇ ಬರುವುದರಿಂದ ಈ ತಪ್ಪು ಆಗಲ್ಲ. ಆದರೆ ಯಾರನ್ನಾದರೂ ದಾರಿ ಕೇಳುವಾಗ ಹೆಸರು ಸರಿಯಾಗಿ ಹೇಳಿ.

ಎರಡನೆಯದು, ಊರಿಗೆ ವಾಪಸ್ ಬರುವ ಟಿಕೆಟ್. ಕ್ಯಾನ್ಸರ್ ಚಿಕಿತ್ಸೆಗೆ ಓಡಾಡುವವರಿಗೆ ರೈಲ್ವೆ ರಿಯಾಯಿತಿ ಇದೆ. ಸ್ಲೀಪರ್ ಮತ್ತು ತ್ರೀ ಟಯರ್ ಎಸಿಯಲ್ಲಿ ರೋಗಿಗೆ ಟಿಕೆಟ್ ಪೂರ್ತಿ ಮಾಫಿ, ಜೊತೆಗೆ ಹೋಗುವ ಒಬ್ಬರಿಗೆ 75 ಪರ್ಸೆಂಟ್ ಬಿಡುತ್ತಾರೆ. ಅದಕ್ಕೆ ಆಸ್ಪತ್ರೆಯಿಂದ ಫಾರಂ ತುಂಬಿಸಿ ಸಹಿ, ಸೀಲು ಹಾಕಿಸಬೇಕು. ಕೊನೆಯ ದಿನಕ್ಕೆ ಬಿಡಬೇಡಿ, ಮೊದಲ ವಾರದಲ್ಲೇ ಕೇಳಿ. ನಮಗೆ ಈ ವಿಷಯ ಗೊತ್ತಾಗಿದ್ದು ಎರಡು ಸಲ ಪೂರ್ತಿ ದುಡ್ಡು ಕೊಟ್ಟು ಓಡಾಡಿದ ಮೇಲೆ.

ಕುಂದಾಪುರದ ಮಗಳು:

ನಿಮ್ಮಿಬ್ಬರ ಉತ್ತರ ಅಮ್ಮನಿಗೆ ಓದಿ ಹೇಳಿದೆ. ಅಕ್ಕನ ಅತ್ತೆ ಈಗ ಹೇಗಿದ್ದಾರೆ ಅಂತ ಕೇಳಿದರು.

ಇನ್ನೊಂದು ಸಣ್ಣ ಪ್ರಶ್ನೆ. ಅಮ್ಮನಿಗೆ ಪದೇ ಪದೇ ಬಾತ್‌ರೂಮಿಗೆ ಹೋಗಬೇಕಾಗುತ್ತೆ. ಲೋಕಲ್‌ನಲ್ಲಿ ಇರುತ್ತಾ?

ಡೊಂಬಿವಲಿ ಅಕ್ಕ:

ಇರಲ್ಲ ತಂಗಿ. ಲೋಕಲ್ ಗಾಡಿಯಲ್ಲಿ ಟಾಯ್ಲೆಟ್ ಇಲ್ಲ. ಮನೆಯಿಂದ ಹೊರಡುವಾಗ ಒಮ್ಮೆ, ಆಸ್ಪತ್ರೆ ಬಿಡುವಾಗ ಒಮ್ಮೆ ಹೋಗಿಸಿ. ದಾರಿಯಲ್ಲಿ ತಡೆಯಲು ಆಗದಿದ್ದರೆ ಠಾಣೆಯಲ್ಲಿ ಇಳಿದುಬಿಡಿ. ದೊಡ್ಡ ಸ್ಟೇಷನ್ನು, ಪ್ಲಾಟ್‌ಫಾರ್ಮಿನಲ್ಲೇ ಇದೆ. ಹಿಂದೆಯೇ ಇನ್ನೊಂದು ಗಾಡಿ ಬರುತ್ತೆ. ಪಾಸ್ ಇದ್ದರೆ ಅದಕ್ಕೂ ಚಿಂತೆ ಇಲ್ಲ. ಇದೇ ಗಾಡಿಯಲ್ಲಿ ಹೋಗಲೇಬೇಕು ಅನ್ನುವ ಅವಸರ ಬಿಟ್ಟುಬಿಡಿ. ಅರ್ಧ ಗಂಟೆ ಮುಂಚೆ ಹೊರಡಿ.

ಅತ್ತೆ ಆಮೇಲೆ ಆರು ವರ್ಷ ಚೆನ್ನಾಗಿದ್ದರು. 2022ರಲ್ಲಿ ಮಲಗಿದ್ದಲ್ಲೇ ಹೋದರು, ಅದು ಹೃದಯದ ತೊಂದರೆಯಿಂದ. ಅಮ್ಮನಿಗೆ ಹೇಳಿ.

ಒಂದು ದಿನ ಅಮ್ಮನಿಗೆ ಬಾಯಿಗೆ ರುಚಿ ಇದ್ದಾಗ ವಾಪಸ್ ಬರುವಾಗ ಮಾಟುಂಗಾದಲ್ಲಿ ಇಳಿಯಿರಿ. ಪರೇಲ್‌ನಿಂದ ಎರಡನೇ ಸ್ಟೇಷನ್ನು, ಸ್ಲೋ ಗಾಡಿ ನಿಲ್ಲುತ್ತೆ. ಆ ಸ್ಟೇಷನ್ನನ್ನು 2017ರಿಂದ ಪೂರ್ತಿ ಹೆಂಗಸರೇ ನಡೆಸುತ್ತಿದ್ದಾರೆ. ಹೊರಗೆ ಬಂದರೆ ನಮ್ಮ ಕಡೆಯವರ ಹೋಟೆಲ್‌ಗಳು, ಬಿಸಿ ಇಡ್ಲಿ, ನೀರುದೋಸೆಯ ಪರಿಮಳ, ಬಾಳೆ ಎಲೆ, ಮಲ್ಲಿಗೆ ಮಾರುವವರು. ಮೈಸೂರು ಅಸೋಸಿಯೇಷನ್ ಕೂಡ ಅಲ್ಲೇ ಇದೆ. ನಮ್ಮ ಅತ್ತೆ ಮೂರು ವಾರ ಗಂಜಿ ಬಿಟ್ಟು ಏನೂ ಮುಟ್ಟಿರಲಿಲ್ಲ. ಅಲ್ಲಿ ಕನ್ನಡದಲ್ಲಿ "ಅಮ್ಮ, ಏನು ಕೊಡಲಿ?" ಅಂತ ಕೇಳಿದ ಮೇಲೆ ಎರಡು ಇಡ್ಲಿ ತಿಂದರು.

ಕುಂದಾಪುರದ ಮಗಳು:

ಚಿಕಿತ್ಸೆ ಶುರುವಾಗಿ ಇವತ್ತಿಗೆ ಹನ್ನೊಂದು ದಿನ, ಈಗ ಬರೆಯುತ್ತಿದ್ದೇನೆ. ಒಂಬತ್ತು ಸಲ ರೇಡಿಯೇಷನ್ ಆಯಿತು.

ಅಕ್ಕ ಹೇಳಿದ ಹಾಗೆ ಶನಿವಾರ ನಾನೊಬ್ಬಳೇ ಹೋಗಿ ಬಂದೆ. ದಾದರ್‌ನಲ್ಲಿ ಎದ್ದು ನಿಂತಿದ್ದೆ, ಜನ ನನ್ನನ್ನು ಇಳಿಸಿಯೇಬಿಟ್ಟರು. ಅಮ್ಮ ಜೊತೆಗಿದ್ದಿದ್ದರೆ ಅಂತ ನೆನೆದು ಅಲ್ಲೇ ಬೆಂಚಿನ ಮೇಲೆ ಕೂತು ಅತ್ತುಬಿಟ್ಟೆ. ಆಮೇಲೆ ಮುಂದಿನ ಗಾಡಿ ಹತ್ತಿ ಪರೇಲ್‌ಗೆ ಹೋದೆ. ಸೋಮವಾರದಿಂದ ಆ ತಪ್ಪು ಆಗಿಲ್ಲ. ದಾದರ್ ಬಂದಾಗ ಅಮ್ಮನ ಮೊಣಕಾಲ ಮೇಲೆ ಕೈ ಇಟ್ಟು ಕೂತಿರುತ್ತೇನೆ. ಗಾಡಿ ಹೊರಟ ಕೂಡಲೇ ಅಮ್ಮನೇ "ಹ್ಞಾಂ, ಈಗ ಏಳುವ" ಅನ್ನುತ್ತಾರೆ.

10.50ರ ಹೊತ್ತಿಗೆ ದಿನಾ ಅದೇ ನಾಲ್ಕೈದು ಹೆಂಗಸರು ಸಿಗುತ್ತಾರೆ. ಒಬ್ಬರು ಮಾರುಕಟ್ಟೆಯಿಂದ ತಂದ ಮೆಂತೆ ಸೊಪ್ಪನ್ನು ಗಾಡಿಯಲ್ಲೇ ಬಿಡಿಸುತ್ತಾರೆ. ಬುಧವಾರ ಅಮ್ಮ ಏನೂ ಹೇಳದೆ ಅವರ ಚೀಲದಿಂದ ಒಂದು ಕಟ್ಟು ತೆಗೆದುಕೊಂಡು ಬಿಡಿಸಲು ಶುರು ಮಾಡಿದರು. ಇಬ್ಬರಿಗೂ ಒಬ್ಬರ ಭಾಷೆ ಇನ್ನೊಬ್ಬರಿಗೆ ಬರಲ್ಲ. ಭಾಂಡುಪ್‌ನಿಂದ ಕುರ್ಲಾವರೆಗೆ ಮೂರು ಕಟ್ಟು ಮುಗಿಸಿದರು.

ನಿನ್ನೆ ಮಾತ್ರ ಅಮ್ಮನಿಗೆ ತುಂಬಾ ಸುಸ್ತು. ಅನ್ನ ಸೇರುತ್ತಿಲ್ಲ. ಹಾವೇರಿಯ ಅಣ್ಣ, ಫಾರಂಗೆ ಸಹಿ ಆಯಿತು, ನಿಮಗೆ ತುಂಬಾ ಥ್ಯಾಂಕ್ಸ್.

ಡೊಂಬಿವಲಿ ಅಕ್ಕ:

ಎರಡನೇ ಮೂರನೇ ವಾರ ಹಾಗೇ ಆಗುತ್ತೆ ತಂಗಿ. ಡಾಕ್ಟರಿಗೆ ಮರೆಯದೆ ಹೇಳಿ.

ಶುಕ್ರವಾರ ನನಗೆ ದಾದರ್‌ನಲ್ಲಿ ಕೆಲಸ ಇದೆ. ನಿಮ್ಮ 10.50ರ ಗಾಡಿಗೇ ಬರುತ್ತೇನೆ. ಡೊಂಬಿವಲಿ ಪ್ಲಾಟ್‌ಫಾರ್ಮಿನಲ್ಲಿ ಲೇಡೀಸ್ ಡಬ್ಬಾದ ಬೋರ್ಡಿನ ಕೆಳಗೆ ನಿಂತಿರುತ್ತೇನೆ, ಹಸಿರು ಸೀರೆ, ಕೈಯಲ್ಲಿ ಸ್ಟೀಲ್ ಡಬ್ಬಿ. ಅಮ್ಮನಿಗೆ ಕುಚ್ಚಲಕ್ಕಿ ಗಂಜಿ, ಉಪ್ಪಿನಕಾಯಿ ಖಾರ ಆಗುತ್ತೆ, ಅದಕ್ಕೆ ತೆಂಗಿನಕಾಯಿ ಚಟ್ನಿ ಮಾಡಿ ತರುತ್ತೇನೆ. ಕಾಯಿರಿ.